ಬಲಕ್ಕೆ ತಿರುಗದ ಕುತ್ತಿಗೆ ಮತ್ತು ಇತರ ಕೇಸುಗಳು

ನವೆಂಬರ್ ಹದಿನಾರು, ಶನಿವಾರ. ಬೆಳಿಗ್ಗೆ ದಟ್ಟ ಮಂಜು. ಹತ್ತರ ನಂತರ ಬಿಸಿಲು.

ಹೀಗೆ ಶುರು ಮಾಡುವುದು ನಮ್ಮ ಮೇಡಂ ಹಾಕಿಕೊಟ್ಟ ಕ್ರಮ. ಯಾವ ರೋಗಿಯ ಕೇಸು ಹೇಳುವುದಾದರೂ ಮೊದಲು ತಾರೀಖು, ಆಮೇಲೆ ಹವೆ. ಕೀಲುನೋವಿನವರು ತಪ್ಪನ್ನೆಲ್ಲ ಹವೆಯ ಮೇಲೆ ಹಾಕುತ್ತಾರೆ, ಅದು ನಿಜವೋ ಅಲ್ಲವೋ ನೋಡಬೇಕಲ್ಲ ಎಂದು ಅವರ ವಾದ. ಈ ದೇಶದಲ್ಲಿ ವರ್ಷದ ಬಹುಪಾಲು ಒಂದೇ ಹವೆ. ಆದ್ದರಿಂದ ನಮ್ಮ ರೋಗಿಗಳು ಎ.ಸಿ.ಯನ್ನು ಬೈಯುತ್ತಾರೆ.

ನಾನು ಅಬುಧಾಬಿಯಲ್ಲಿ ಬಹಳ ವರ್ಷಗಳಿಂದ ಫಿಸಿಯೋಥೆರಪಿಸ್ಟ್. ಊರು ಉಡುಪಿಯ ಹತ್ತಿರ. ನಲವತ್ತೇಳನೆಯ ವಯಸ್ಸಿನಲ್ಲಿ ಕೈರೋಪ್ರಾಕ್ಟಿಕ್ ಕಲಿಯಲು ಸೇರಿದೆ. ಬೆನ್ನುಮೂಳೆ, ಕುತ್ತಿಗೆ, ಕೀಲುಗಳನ್ನು ಕೈಯಿಂದಲೇ ಒತ್ತಿ ತಿರುಗಿಸಿ ಸರಿಮಾಡುವ ವಿದ್ಯೆ ಅದು. ಪ್ರತಿ ಶನಿವಾರ ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಕಟ್ಟಡದಲ್ಲಿ ಕ್ಲಾಸು. ಕ್ಲಾಸು ಎಂದರೆ ಪಾಠವಲ್ಲ, ಕೇಸುಗಳ ಚರ್ಚೆ. ಒಬ್ಬರು ತಾವು ನೋಡಿದ ರೋಗಿಯ ಬಗ್ಗೆ ಹೇಳಬೇಕು. ಹೆಸರು ಹೇಳುವಂತಿಲ್ಲ; ವಯಸ್ಸು, ಕೆಲಸ, ನೋವು, ಅಷ್ಟೆ. ಉಳಿದವರು ಪ್ರಶ್ನೆ ಕೇಳುತ್ತಾರೆ. ಕಾರಣ ಏನು, ಏನು ಮಾಡಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸಬೇಕು. ಕೊನೆಯಲ್ಲಿ ಮೇಡಂ ಎಲ್ಲರೂ ತಪ್ಪು ಎನ್ನುತ್ತಾರೆ.

ಮೇಡಂ ಧಾರವಾಡದವರು. ಕಲಿತದ್ದು ಹೊರದೇಶದಲ್ಲಿ. ಚರ್ಚೆ ನಡೆಸುವುದು ಇಂಗ್ಲಿಷಿನಲ್ಲಿ, ಸಿಟ್ಟು ಬಂದರೆ ಮಾತ್ರ ಧಾರವಾಡಕ್ಕೆ ಹೋಗಿಬರುತ್ತಾರೆ. ಕ್ಲಾಸಿನಲ್ಲಿದ್ದ ಆರು ಜನರಲ್ಲಿ ಮೂವರು ಕನ್ನಡದವರಾದ್ದರಿಂದ ಅವರಿಗೆ ಈ ಪ್ರಯಾಣ ಸುಲಭ. ನನ್ನನ್ನು ಬಿಟ್ಟರೆ ಇನ್ನಿಬ್ಬರು: ಅಲ್ ಐನ್‌ನ ಆಸ್ಪತ್ರೆಯಿಂದ ಬರುವ ಮಂಗಳೂರಿನ ನರ್ಸ್, ಮತ್ತು ಒಂದು ಕ್ರಿಕೆಟ್ ಅಕಾಡೆಮಿಯಲ್ಲಿ ಆಟಗಾರರ ಸ್ನಾಯು ನೋಡಿಕೊಳ್ಳುವ ಬೆಳಗಾವಿಯ ಯುವಕ.

ಆ ಮಂಜಿನ ಶನಿವಾರ ನಾನು ಫೇಲಾದೆ. ಕಾರಣ ಮುಂದೆ ಹೇಳುತ್ತೇನೆ. ಮೇಡಂ ಕೊಟ್ಟ ಗಡುವು ಮಾತ್ರ ಈಗಲೇ ಹೇಳುವುದು ಒಳ್ಳೆಯದು. ಮಾರ್ಚ್ ಮುಗಿಯುವುದರೊಳಗೆ ನಾನು ಒಬ್ಬ ರೋಗಿಯನ್ನಾದರೂ ಕೇಳಬೇಕಾದ್ದನ್ನೆಲ್ಲ ಕೇಳಿ, ಕಾರಣ ಕಂಡುಹಿಡಿದು, ಗುಣವಾಗುವವರೆಗೂ ನೋಡಿ ವರದಿ ಒಪ್ಪಿಸಬೇಕು. ಇಲ್ಲದಿದ್ದರೆ ಇಡೀ ವರ್ಷ ಮತ್ತೆ ಮೊದಲಿನಿಂದ.

ನೋವಿರುವ ಕಡೆ ನಗುವ ಪ್ರಸಂಗಗಳು ಯಾಕೆ ಇಷ್ಟು ಬರುತ್ತವೆ ಎಂದು ನನಗೆ ಗೊತ್ತಿಲ್ಲ. ಬರುತ್ತಲೇ ಇರುತ್ತವೆ. ಆ ನಾಲ್ಕೈದು ತಿಂಗಳಲ್ಲಿ ಬಂದ ಕೆಲವನ್ನು ಇಲ್ಲಿ ಹೇಳಿದ್ದೇನೆ.

ಹೆಗಲು

ನಾನು ಫೇಲಾದದ್ದು ಹೀಗೆ.

ರಿಸೆಪ್ಷನ್‌ನವರು ಬರೆದುಕೊಟ್ಟ ಫೈಲನ್ನು ಮೊದಲೇ ಓದಬಾರದು, ರೋಗಿಯ ಬಾಯಿಂದಲೇ ಕೇಳಬೇಕು ಎಂಬುದು ಮೇಡಂ ಅವರ ಇನ್ನೊಂದು ನಿಯಮ. ಫೈಲು ಓದದಿರುವುದು ನನಗೆ ಕಷ್ಟವಾಗಲಿಲ್ಲ. ಕೇಳುವುದು ಕಷ್ಟವಾಯಿತು. ನಾನು ಹೆಚ್ಚು ಮಾತಾಡುವವನಲ್ಲ. ಕೈಗೆ ಸಿಕ್ಕಿದ ಸ್ನಾಯು ತಾನೇ ಎಲ್ಲ ಹೇಳುತ್ತದೆ ಎಂದು ನಂಬಿಕೊಂಡು ಇಷ್ಟು ವರ್ಷ ಕೆಲಸ ಮಾಡಿದವನು.

ಒಬ್ಬ ಹೆಂಗಸು ಫೈಲು ಹಿಡಿದುಕೊಂಡು ಒಳಗೆ ಬಂದರು. ಬಲಹೆಗಲು ನೋವು ಎಂದರು. ಕೂರಿ ಎಂದೆ. ಕೂತರು. ಕೈ ಎತ್ತಿ ಎಂದೆ. ಎತ್ತಿದರು. ಹಿಂದಕ್ಕೆ ತನ್ನಿ, ಮುಂದಕ್ಕೆ ತನ್ನಿ, ನನ್ನ ಕೈಗೆ ಎದುರಾಗಿ ಒತ್ತಿ. ಎಲ್ಲವನ್ನೂ ಮಾಡಿದರು. ಹೆಗಲಿನ ಹಿಂದೆ ಒಂದು ಗಂಟು ಸಿಕ್ಕಿತು, ಬಿಡಿಸಿದೆ. ಮನೆಯಲ್ಲಿ ಮಾಡಲು ವ್ಯಾಯಾಮ ಹೇಳಿಕೊಟ್ಟೆ. ಬಹಳ ವಿಧೇಯ ರೋಗಿ. ಎದ್ದು ನಿಂತು ಹೆಗಲು ಆಡಿಸಿ ನೋಡಿ, ಎಷ್ಟೋ ಹಗುರವಾಯಿತು ಎಂದರು. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು, "ಸಾರ್, ಇನ್ನು ಅವರನ್ನು ಕಳಿಸಲಾ?" ಎಂದು ಕೇಳಿದರು.

ಯಾರನ್ನು ಎಂದೆ.

ನೋವಿದ್ದದ್ದು ಗಂಡನಿಗೆ. ಅವರು ಹೊರಗೆ ಕುರ್ಚಿಯಲ್ಲಿ ಫೋನ್ ನೋಡುತ್ತ ಕೂತಿದ್ದರು. ಇನ್ನೆಷ್ಟು ಹೊತ್ತು ಕಾಯಬೇಕು ಎಂದು ವಿಚಾರಿಸಲು ಈಯಮ್ಮ ಒಳಗೆ ಬಂದದ್ದು.

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕ್ಲಾಸಿನಲ್ಲಿ ಮೇಡಂ ನನ್ನೆದುರೇ ಆಕೆಗೆ ಫೋನ್ ಮಾಡಿ ಕೇಳಿದರು. ಡಾಕ್ಟರ್ ಅಷ್ಟು ಶ್ರದ್ಧೆಯಿಂದ ನೋಡುತ್ತಿದ್ದರು, ನಡುವೆ ಬಾಯಿ ಹಾಕುವುದು ಹೇಗೆ ಎಂದು ಸಂಕೋಚವಾಯಿತು, ಅಲ್ಲದೆ ತನಗೂ ಒಂಚೂರು ನೋವು ಇತ್ತು ಎಂದರಂತೆ.

ಮೇಡಂ ಫೋನ್ ಇಟ್ಟು ನನ್ನ ಕಡೆ ನೋಡಿದರು. "ಹೆಸರು ಏನಂತ ಒಂದ ಮಾತು ಕೇಳಿದ್ರ ಸಾಕಿತ್ತಲ್ರೀ."

ಗಂಡನಿಗೆ ಗುಣವಾಯಿತೇ ಎಂದು ಬೆಳಗಾವಿಯವನು ಕೇಳಿದ. ಅವರು ಆ ದಿನ ಒಳಗೆ ಬರಲೇ ಇಲ್ಲ. ಪಾರ್ಕಿಂಗ್ ಸಮಯ ಮುಗಿದುಹೋಗಿತ್ತು.

ಅತ್ತಿಗೆ

ಹೆಸರು ಹೇಳಬಾರದು ಎಂಬ ನಿಯಮ ದೊಡ್ಡ ಊರುಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಇಲ್ಲಿ ನಮ್ಮವರು ಲಕ್ಷಗಟ್ಟಲೆ ಇದ್ದಾರೆ ಎನ್ನುತ್ತಾರೆ. ಆದರೆ ಯುಗಾದಿ ಊಟಕ್ಕೂ ರಾಜ್ಯೋತ್ಸವಕ್ಕೂ ಸಿಗುವ ಮುಖಗಳು ಅವೇ.

ಒಂದು ಶನಿವಾರ ನರ್ಸಮ್ಮ ಕೇಸು ಹೇಳಲು ನಿಂತರು. ಹವೆ ಒಣ. ಹೆಂಗಸು, ವಯಸ್ಸು ಐವತ್ತರ ಆಚೀಚೆ, ಅಲ್ ಐನ್‌ನಲ್ಲಿ ಶಾಲಾ ಶಿಕ್ಷಕಿ, ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು. ಬಿಡುವಿನಲ್ಲಿ ಜೋಳದ ರೊಟ್ಟಿ ಬಡಿದು ಸುತ್ತಲ ಮನೆಗಳಿಗೆ ಹಂಚುತ್ತಾರೆ.

ಬೆಳಗಾವಿಯವನು ಕೈ ಎತ್ತಿದ. ಪ್ರಶ್ನೆ ಇರಬೇಕೆಂದು ಮೇಡಂ ಅನುಮತಿ ಕೊಟ್ಟರು. "ಮೇಡಂ, ಇದು ನಮ್ಮ ಅತ್ತಿಗೆ," ಎಂದ.

ರೋಗಿಯ ಗುಟ್ಟು ಕಾಪಾಡುವುದರ ಬಗ್ಗೆ ಮೇಡಂ ಅರ್ಧ ಗಂಟೆ ಹೇಳಿದರು. ಊರು ಹೇಳಬೇಡಿ, ಹವ್ಯಾಸ ಹೇಳಬೇಡಿ, ಕೆಲಸವನ್ನೂ ಗುರುತು ಸಿಗದಷ್ಟು ಮಾತ್ರ ಹೇಳಿ ಎಂದು ತಾಕೀತು ಮಾಡಿದರು. ನರ್ಸಮ್ಮ ಕ್ಷಮೆ ಕೇಳಿದರು.

ಮುಂದಿನ ವಾರ ಅವರ ಸರದಿ ಮತ್ತೆ ಬಂತು. ಬಹಳ ಎಚ್ಚರದಿಂದ ಶುರು ಮಾಡಿದರು. ಒಬ್ಬ ವ್ಯಕ್ತಿ. ಮಧ್ಯವಯಸ್ಸು. ಈ ದೇಶದಲ್ಲಿ ಎಲ್ಲೋ ವಾಸ. ಏನೋ ಒಂದು ಕೆಲಸ. ಮೊಣಕಾಲು ನೋವು. ಚಿಕಿತ್ಸೆಯ ನಡುವೆ ಒಂದು ಕ್ಷಣವೂ ಬಿಡದೆ ಮಾತಾಡುತ್ತಾರೆ, ಕೊನೆಯಲ್ಲಿ ನಮಗೇ ಸಲಹೆ ಕೊಟ್ಟು ಹೋಗುತ್ತಾರೆ.

ಬೆಳಗಾವಿಯವನು ಮತ್ತೆ ಕೈ ಎತ್ತಿದ. ಮೇಡಂ ನೋಡಿದರೂ ನೋಡದಂತೆ ಇದ್ದರು. ಅವನು ಕೈ ಇಳಿಸಲಿಲ್ಲ.

"ಇದೂ ನಮ್ಮ ಅತ್ತಿಗೇನ ರೀ."

ಒಳ್ಳೆಯ ರೋಗಿ

ಪ್ರಶ್ನೆ ಕೇಳುವುದನ್ನು ಕಲಿಸಲು ಮೇಡಂ ಆಗಾಗ ಒಂದು ಆಟ ಆಡಿಸುತ್ತಿದ್ದರು. ನಮ್ಮಲ್ಲಿ ಒಬ್ಬರು ರೋಗಿಯಾಗಬೇಕು. ಅವರಿಗೆ ಮೇಡಂ ಗುಟ್ಟಾಗಿ ಕಾಯಿಲೆಯ ವಿವರ ಹೇಳಿರುತ್ತಾರೆ. ಉಳಿದವರು ವೈದ್ಯರು. ಕೇಳಿದ್ದಕ್ಕೆ ಮಾತ್ರ ರೋಗಿ ಉತ್ತರ ಕೊಡಬೇಕು, ತಾನಾಗಿ ಏನೂ ಹೇಳಬಾರದು.

ನನ್ನ ಪಾಲಿಗೆ ಬಂದದ್ದು ಸೊಂಟನೋವು. ಆದರೆ ಅದು ಬರೀ ಸೊಂಟನೋವಲ್ಲ. ಮಲಗಿದರೂ ಕಡಿಮೆಯಾಗದ ನೋವು, ಕಾರಣವಿಲ್ಲದೆ ತೂಕ ಇಳಿದಿದೆ, ಸಂಜೆಗೆ ಜ್ವರ. ಇಂಥವರನ್ನು ಕೈಯಿಂದ ಮುಟ್ಟದೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಅದನ್ನು ಪ್ರಶ್ನೆ ಕೇಳಿ ಹೊರತೆಗೆಯುವುದೇ ಆ ದಿನದ ಪರೀಕ್ಷೆ.

ಕೇಳತೊಡಗಿದರು. ನೋವು ಹೇಗಿದೆ ಎಂದರು. ಇದೆ ಎಂದೆ. ಎಷ್ಟು ದಿನದಿಂದ? ಕೆಲವು ದಿನದಿಂದ. ಹೇಗೆ ಶುರುವಾಯಿತು? ಹಾಗೇ. ನಿದ್ದೆ ಬರುತ್ತದಾ ಎಂದು ನರ್ಸಮ್ಮ ಕೇಳಿದರು, ಬರುತ್ತದೆ ಎಂದೆ. ಬಂದಮೇಲೆ ಎಚ್ಚರವಾಗುತ್ತದೆಯೇ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಊಟ ಸೇರುತ್ತದಾ? ಸೇರುತ್ತದೆ. ಪ್ಯಾಂಟು ಸಡಿಲವಾಗಿದೆಯಾ ಎಂದು ಯಾರೂ ಕೇಳಲಿಲ್ಲ. ಬೆಳಗಾವಿಯವನು ಕೊನೆಗೆ ದಣಿದು, "ಸರ್, ನೀವಾಗಿ ಏನಾರ ಹೇಳೂದು ಅದನ?" ಎಂದ. ಇಲ್ಲ ಎಂದೆ. ಎಲ್ಲರೂ ಕೂಡಿ ನನಗೆ ಸಾಧಾರಣ ಸೊಂಟ ಉಳುಕು ಎಂದು ತೀರ್ಮಾನಿಸಿದರು. ಬೆನ್ನು ಒತ್ತಿಸಿಕೊಳ್ಳಲು ವಾರಕ್ಕೆರಡು ಸಲ ಬರಲು ಹೇಳಿದರು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಈ ಮನುಷ್ಯ ಮುಂದಿನ ನವೆಂಬರ್ ನೋಡುವುದಿಲ್ಲ, ಕೊಂದವರು ನೀವು ಐದು ಜನ ಎಂದರು. ಆಮೇಲೆ ನನಗೆ ಪ್ರತ್ಯೇಕವಾಗಿ, "ಡಾಕ್ಟರ್ ಆಗೂದು ಬಿಟ್ಟು ನೀವು ರೋಗಿ ಆಗೇ ಉಳೀರಿ. ಭಾಳ ಛಲೋ ಬರ್ತದ ನಿಮಗ," ಎಂದರು.

ಚಹಾದ ಬಿಡುವಿನಲ್ಲಿ ನರ್ಸಮ್ಮ ಹತ್ತಿರ ಬಂದು ಮೆಚ್ಚುಗೆಯಿಂದ ಹೇಳಿದರು: "ಸಾರ್, ಎಷ್ಟು ಚಂದ ಆಕ್ಟಿಂಗ್ ಮಾಡಿದ್ರಿ."

"ಯಾವಾಗ?" ಎಂದೆ.

ಮನೆಪಾಠ

ನನ್ನ ಬಾಯಿ ಬಿಡಿಸಲು ಮೇಡಂ ಮನೆಪಾಠ ಕೊಟ್ಟರು. ವಾರದಲ್ಲಿ ಒಂದು ಸಲ ಮನೆಯಲ್ಲಿ ಯಾರನ್ನಾದರೂ ಕೂರಿಸಿಕೊಂಡು, ಹೌದು ಇಲ್ಲ ಎಂದು ಉತ್ತರಿಸಲಾಗದ ಪ್ರಶ್ನೆಗಳನ್ನು ಕೇಳಬೇಕು. ಉತ್ತರ ಬರುವಾಗ ನಡುವೆ ಮಾತಾಡಬಾರದು. ಈ ಎರಡನೆಯ ಭಾಗ ನನಗೆ ಹಿಡಿಸಿತು.

ಭಾನುವಾರ ಮಧ್ಯಾಹ್ನ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಎದುರು ಕುರ್ಚಿ ಎಳೆದುಕೊಂಡು ಕೂತೆ. "ಈಚೆಗೆ ನಿನಗೆ ಹೇಗನ್ನಿಸುತ್ತಿದೆ?" ಎಂದು ಕೇಳಿದೆ.

ಅವಳ ಕೈಯಲ್ಲಿದ್ದ ಬನಿಯನ್ ಹಾಗೇ ನಿಂತಿತು. ಕೋಣೆಯಿಂದ ಮಗಳು ಇಣುಕಿ, "ಡ್ಯಾಡ್, ಆರ್ ಯೂ ಓಕೆ?" ಎಂದಳು. ಹೆಂಡತಿ ಮೆಲ್ಲಗೆ ನನ್ನ ಕೆಲಸ ಹೋಯಿತೇ ಎಂದು ವಿಚಾರಿಸಿದಳು. ಇಲ್ಲ ಎಂದೆ. ಊರಿಂದ ಫೋನ್ ಬಂದಿತ್ತಾ? ಇಲ್ಲ. ಹಾಗಾದರೆ ನಿಮ್ಮ ರಕ್ತಪರೀಕ್ಷೆಯ ರಿಪೋರ್ಟು ಬಂತಾ ಎಂದಳು. ಇದು ಕ್ಲಾಸಿನ ಅಭ್ಯಾಸ, ಸುಮ್ಮನೆ ಉತ್ತರ ಹೇಳು ಎಂದೆ.

ಹೇಳಿದಳು. ಬಟ್ಟೆಯ ರಾಶಿ ಮುಗಿಯಿತು, ಚಹಾ ಆಯಿತು, ಕಿಟಕಿಯ ಬಿಸಿಲು ಸೋಫಾದಿಂದ ಗೋಡೆಗೆ ಏರಿತು, ಅವಳ ಉತ್ತರ ಮುಗಿಯಲಿಲ್ಲ. ನನಗೆ ಗೊತ್ತಿಲ್ಲದ ಸಂಗತಿಗಳು ಅದರಲ್ಲಿ ಎಷ್ಟೋ ಇದ್ದವು. ಅವಳಿಗೆ ಈ ಫ್ಲ್ಯಾಟಿನ ಅಡುಗೆಮನೆ ಮೊದಲ ದಿನದಿಂದಲೂ ಇಷ್ಟವಿಲ್ಲವಂತೆ. ಕ್ರಮದ ಪ್ರಕಾರ ಕೊನೆಯ ಪ್ರಶ್ನೆಗಳಿಗೆ ಬಂದೆ. ತೊಂದರೆ ಯಾವಾಗ ಜಾಸ್ತಿಯಾಗುತ್ತದೆ?

"ಶನಿವಾರ," ಎಂದಳು. ಶನಿವಾರ ಬೆಳಿಗ್ಗೆ ಆರಕ್ಕೆ ನಾನು ದುಬೈಗೆ ಹೊರಟರೆ ಬರುವುದು ಕತ್ತಲಾದ ಮೇಲೆ.

ಏನು ಮಾಡಿದರೆ ಕಡಿಮೆಯಾಗುತ್ತದೆ?

ಅವಳು ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಎದ್ದಳು. "ಈಗ ಕಡಿಮೆ ಉಂಟು," ಎಂದಳು. ಬಾಗಿಲಲ್ಲಿ ನಿಂತು, "ಇನ್ನು ಫಾಲೋಅಪ್ ಯಾವಾಗ?" ಎಂದು ಕೇಳಿದಳು.

ಎಡಗೈಯವನ ಬಲಗೈ

ಫೆಬ್ರವರಿ ಕೊನೆಯ ಶನಿವಾರ. ಗಾಳಿ, ಸ್ವಲ್ಪ ಧೂಳು. ನನ್ನ ಗಡುವಿಗೆ ಐದು ವಾರ ಉಳಿದಿತ್ತು.

ನಮ್ಮ ಕ್ಲಿನಿಕ್ಕಿನವರು ತಿಂಗಳಿಗೊಮ್ಮೆ ಮುಸಫ್ಫಾ ಎಂಬ ಕೈಗಾರಿಕಾ ಪ್ರದೇಶದಲ್ಲಿ ಕಾರ್ಮಿಕರಿಗಾಗಿ ಉಚಿತ ಕ್ಯಾಂಪ್ ನಡೆಸುತ್ತಿದ್ದರು. ಅಲ್ಲಿ ನನಗೆ ಸಿಕ್ಕಿದವರು ಒಬ್ಬ ಕ್ರೇನ್ ಆಪರೇಟರ್. ಕಾರ್ಕಳದ ಕಡೆಯವರು, ನನ್ನದೇ ವಯಸ್ಸು. ಅವರ ಕುತ್ತಿಗೆ ಎಡಕ್ಕೆ ಚೆನ್ನಾಗಿ ತಿರುಗುತ್ತದೆ. ಬಲಕ್ಕೆ ಅರ್ಧದಾರಿಯಲ್ಲಿ ಹಿಡಿದುಕೊಂಡು ನಿಂತುಬಿಡುತ್ತದೆ. ಏಪ್ರಿಲ್‌ನಲ್ಲಿ ಕಂಪನಿಯ ವೈದ್ಯಕೀಯ ಪರೀಕ್ಷೆ. ಕುತ್ತಿಗೆ ಎರಡೂ ಬದಿಗೆ ಪೂರ್ತಿ ತಿರುಗದವರನ್ನು ಕ್ರೇನ್ ಹತ್ತಿಸುವುದಿಲ್ಲ, ಕೆಳಗೆ ಗೋಡೌನಿಗೆ ಹಾಕುತ್ತಾರೆ. "ಅಷ್ಟು ಮೇಲೆ ಕೂತವನಿಗೆ ಕೆಳಗೆ ನಿಂತು ಮೇಲೆ ನೋಡುವುದು ಕಷ್ಟ ಅಲ್ವಾ ಸಾರ್," ಎಂದರು. ಮೇಲೆ ನೋಡಲೂ ಆ ಕುತ್ತಿಗೆ ಸಹಕರಿಸುವಂತಿರಲಿಲ್ಲ.

ಈ ಸಲ ನಾನು ಪ್ರಶ್ನೆ ಕೇಳಿದೆ. ಮೊದಲು ಹೆಸರು ಕೇಳಿದೆ. ದಿಂಬು ಎಂಥದ್ದು, ಎ.ಸಿ. ಗಾಳಿ ಯಾವ ಕಡೆಯಿಂದ, ಮಂಚ ಮೇಲಿನದ್ದೋ ಕೆಳಗಿನದ್ದೋ, ಕ್ರೇನಿನೊಳಗೆ ಯಾವ ಕಡೆ ನೋಡುವುದು ಹೆಚ್ಚು. ಎಲ್ಲ ಸರಿಯಾಗಿಯೇ ಇತ್ತು. ಕೈಗೆ ಜೋಮಿಲ್ಲ, ಬಲ ಕಡಿಮೆಯಾಗಿಲ್ಲ, ಎಕ್ಸ್‌ರೇ ಚೆನ್ನಾಗಿದೆ. ಒಂದು ವಿಚಿತ್ರ ಮಾತ್ರ ಸಿಕ್ಕಿತು. ರಜೆಯಲ್ಲಿ ಊರಿಗೆ ಹೋದಾಗ ನೋವಿಲ್ಲ. ಇಲ್ಲಿಯೂ ಭಾನುವಾರ ಸಂಜೆ ಕಡಿಮೆ. ಕೆಲಸದ ದಿನ ಬೆಳಿಗ್ಗೆ ಕ್ರೇನ್ ಹತ್ತುವ ಮೊದಲೇ ಹಿಡಿದುಕೊಂಡಿರುತ್ತದೆ.

ನಾನು ಇಷ್ಟು ಹೇಳಿ ಕೂತೆ. ಯಾರಿಗೂ ಏನೂ ಹೊಳೆಯಲಿಲ್ಲ. ಮುಂದಿನ ಸರದಿ ನರ್ಸಮ್ಮನದು. ಅಭ್ಯಾಸಕ್ಕೆಂದು ಅವರೂ ಆ ಕ್ಯಾಂಪಿಗೆ ಬಂದಿದ್ದರು, ಅವರದೂ ಅಲ್ಲಿಯದೇ ರೋಗಿ. ಕ್ರೇನಿನ ಕೊಕ್ಕೆಗೆ ಸಾಮಾನು ಕಟ್ಟಿ, ಮೇಲಿನವರಿಗೆ ಕೈಸನ್ನೆ ಮಾಡುವ ಕೆಲಸ. ಬಲಗೈ ಮೊಣಕೈಯಿಂದ ಹೆಗಲವರೆಗೆ ಸೇದುತ್ತದೆ, ಬಹಳ ಹೊತ್ತು ಏನನ್ನೋ ಎತ್ತಿ ಹಿಡಿದವರಿಗೆ ಆಗುವಂತೆ. ಆದರೆ ಈ ಮನುಷ್ಯ ಎಡಗೈಯವನು. ಕಟ್ಟುವುದು, ಬಿಚ್ಚುವುದು, ಸನ್ನೆ, ಎಲ್ಲ ಎಡಗೈಯಲ್ಲೇ. ಬಲಗೈಯನ್ನು ಅವನು ಇಟ್ಟುಕೊಂಡದ್ದು ಬರೀ ಜೋಡಿಗೆ. ಜೊತೆಗೆ ಕಿವಿನೋವೂ ಉಂಟಂತೆ, ಹೆಡ್‌ಫೋನ್ ಹಾಕಲಿಕ್ಕೆ ಆಗುವುದಿಲ್ಲವಂತೆ. ಕಿವಿ ನೋಡಿದರೆ ಏನೂ ಇಲ್ಲ. ಇವನಿಗೂ ಭಾನುವಾರ ಆರಾಮ.

ಇನ್ನೊಬ್ಬರ ಕೇಸಿನಲ್ಲಿ ನಾನು ಅಲ್ಲಿಯವರೆಗೆ ಬಾಯಿ ತೆರೆದವನಲ್ಲ. ಅಂದು ತೆರೆದೆ. "ಅವರು ಕೆಲಸಕ್ಕೆ ಯಾವ ಬಸ್ಸಿನಲ್ಲಿ ಹೋಗುತ್ತಾರೆ?"

ನರ್ಸಮ್ಮನಿಗೆ ಗೊತ್ತಿರಲಿಲ್ಲ. ಮೇಡಂ ನನ್ನನ್ನೇ ನೋಡಿದರು. "ಹೋಗ್ರಿ. ಕೇಳಿಕೊಂಡು ಬರ್ರಿ," ಎಂದರು.

ಮುಂದಿನ ಭಾನುವಾರ ಕ್ರೇನಿನವರನ್ನು ಕಂಡೆ. ಬಸ್ಸಿನಲ್ಲಿ ಏನು ಮಾಡುತ್ತೀರಿ ಎಂದೆ.

"ಎಂತ ಮಾಡುವುದು, ಸುಮ್ಮನೆ ಕೂರುವುದು."

"ಯಾವ ಕಡೆ ನೋಡಿಕೊಂಡು?"

ಅವರು ಚಪ್ಪಲಿ ನೋಡಿಕೊಂಡರು. "ಎಡಕ್ಕೆ."

"ಎಡಕ್ಕೆ ಏನಿದೆ?"

"ಎಂತ ಇಲ್ಲ ಸಾರ್."

ನಾನು ಸುಮ್ಮನಿದ್ದೆ. ಅದೊಂದು ನನಗೆ ಮೊದಲಿಂದಲೂ ಬರುತ್ತದೆ. ಕೊನೆಗೆ ಅವರೇ ಹೇಳಿದರು: "ಯಕ್ಷಗಾನ."

ಎಡಕ್ಕೆ, ನಡುವಿನ ದಾರಿಯ ಆಚೆ ಸೀಟಿನಲ್ಲಿ ಕೂರುವವನು ಆ ಎಡಗೈಯವನು. ಅವನ ಫೋನಿನಲ್ಲಿ ಇಡೀ ರಾತ್ರಿಯ ಆಟಗಳು ತುಂಬಿಕೊಂಡಿದ್ದವು. ಕಾರ್ಮಿಕರ ವಸತಿಯಿಂದ ಕೆಲಸದ ಯಾರ್ಡಿಗೆ ಹೋಗುವಾಗ ಒಂದಷ್ಟು, ಬರುವಾಗ ಒಂದಷ್ಟು, ಹೀಗೆ ಒಂದು ಪ್ರಸಂಗಕ್ಕೆ ಒಂದು ವಾರ ಬೇಕು. ಇವರು ಪ್ರಯಾಣದ ಉದ್ದಕ್ಕೂ ಕುತ್ತಿಗೆ ಎಡಕ್ಕೆ ಇಟ್ಟುಕೊಂಡು ನೋಡುತ್ತಾರೆ. ಪಕ್ಕದಲ್ಲೇ ಹೋಗಿ ಕೂರಬಹುದಲ್ಲ ಎಂದೆ.

"ಅವನೊಟ್ಟಿಗೆ ನನಗೆ ಮಾತಿಲ್ಲ ಸಾರ್."

ಕಾರಣ ಕೇಳಿದೆ. ಈಗ ಕೇಳುವುದು ಅಭ್ಯಾಸವಾಗಿತ್ತು. ಹೋದ ವರ್ಷ ಇವರ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ಆ ಖುಷಿಗೆ ಕೋಣೆಯವರನ್ನೆಲ್ಲ ಮುಸಫ್ಫಾದ ಒಂದು ಕೆಫೆಟೇರಿಯಾಕ್ಕೆ ಕರೆದುಕೊಂಡು ಹೋದರು. ಎಲ್ಲರೂ ತಿಂದರು. ಬಿಲ್ಲು ಕೊಡಲು ಇವರು ಎದ್ದು ಹೋದರೆ, ಕೌಂಟರಿನವನು ಖಲಾಸ್, ಕೊಟ್ಟಾಗಿದೆ ಎಂದ. ಆ ಎಡಗೈಯವನು ಊಟದ ನಡುವೆ ಕೈ ತೊಳೆಯಲಿಕ್ಕೆಂದು ಎದ್ದವನು ಗುಟ್ಟಾಗಿ ಬಿಲ್ಲು ಕೊಟ್ಟು ಬಂದು ಏನೂ ಆಗದವನ ಹಾಗೆ ಕೂತಿದ್ದ.

"ನನ್ನ ಮಗಳ ಖುಷಿ ಸಾರ್. ಅವನು ಯಾರು ಕೊಡಲಿಕ್ಕೆ? ಎಲ್ಲರ ಎದುರು ನನಗೆ ಗತಿ ಇಲ್ಲ ಅಂತ ಆಯಿತಲ್ಲ." ಇಬ್ಬರೂ ಒಂದೇ ವರ್ಷ ಬಂದವರು, ಒಂದೇ ಕೋಣೆ. ಅಂದಿನಿಂದ ಒಬ್ಬರು ಇನ್ನೊಬ್ಬರ ಮುಖ ನೋಡಿಲ್ಲ. ಫೋನ್ ಮಾತ್ರ ನೋಡಿದ್ದಾರೆ.

ಅತ್ತ ನರ್ಸಮ್ಮ ಎಡಗೈಯವನನ್ನು ವಿಚಾರಿಸಿದರು. ಫೋನನ್ನು ಬಲಗೈಯಲ್ಲಿ, ಅಷ್ಟು ದೂರ, ದಾರಿಯ ಕಡೆಗೆ ಯಾಕೆ ಹಿಡಿಯುತ್ತೀರಿ ಎಂದರೆ, ಕಿಟಕಿಯ ಬೆಳಕು ಹೊಡೆಯುತ್ತದೆ ಎಂದ. ಬೆಳಿಗ್ಗೆ ಬಸ್ಸು ಹೊರಡುವಾಗ ಬೆಳಕೇ ಹರಿದಿರುವುದಿಲ್ಲವಲ್ಲ ಎಂದಾಗ, ಸಂಜೆಗೆ ಈಗಲೇ ಅಭ್ಯಾಸ ಮಾಡಿಕೊಳ್ಳುವುದು ಎಂದ. ಕಿವಿನೋವಿನ ವಿಚಾರ ನರ್ಸಮ್ಮ ಮತ್ತೆ ಎತ್ತಲಿಲ್ಲ. ಹೆಡ್‌ಫೋನ್ ಹಾಕಿದರೆ ಆಚೆ ಸೀಟಿನವರಿಗೆ ಭಾಗವತಿಕೆ ಕೇಳಿಸುವುದು ಹೇಗೆ?

ಮುಂದಿನ ಶನಿವಾರ ಎರಡು ಕೇಸುಗಳನ್ನೂ ಒಟ್ಟಿಗೆ ಇಟ್ಟೆವು. ಕಾರಣ ಸಿಕ್ಕಿತು, ಇನ್ನು ಉಪಾಯ ಹೇಳಿ ಎಂದರು ಮೇಡಂ. ಫೋನಿಗೆ ಸ್ಟ್ಯಾಂಡ್ ಎಂದರು ಯಾರೋ. ಸೀಟು ಅದಲುಬದಲು ಮಾಡಲಿ, ಒಂದು ತಿಂಗಳು ಬಲಕ್ಕೆ ನೋಡಲಿ ಎಂದ ಬೆಳಗಾವಿಯವನು. ಮೇಡಂ ನನ್ನ ಕಡೆ ತಿರುಗಿದರು. ಕುತ್ತಿಗೆಯನ್ನು ನಾನು ಸಡಿಲಗೊಳಿಸುತ್ತ ಬಂದಿದ್ದೆ. ಬಿಡಿಸಿದ್ದು ಮರುದಿನ ಬಸ್ಸಿನಲ್ಲಿ ಮತ್ತೆ ಬಿಗಿಯುತ್ತಿತ್ತು. ಇಬ್ಬರನ್ನೂ ಒಂದೇ ಸೀಟಿನಲ್ಲಿ ಕೂರಿಸಬೇಕು ಎಂದೆ. ಹೇಗೆ ಎಂದರು. ಊಟಕ್ಕೆ ಕರೆಯುತ್ತೇನೆ ಎಂದೆ.

ಅದೇ ಕೆಫೆಟೇರಿಯಾಕ್ಕೆ ಕರೆದೆ. ನರ್ಸಮ್ಮನಿಗೆ ಡ್ಯೂಟಿ ಇದ್ದದ್ದರಿಂದ ನಾವು ಮೂವರೇ. ಒಬ್ಬರು ಬರುವುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಇಬ್ಬರೂ ಎದ್ದು ಹೋಗುವವರಿದ್ದರು, ಅಷ್ಟರಲ್ಲಿ ಪರೋಟ ಬಂತು. ನನ್ನ ಎಡಬಲಕ್ಕೆ ಕೂತರು. ಅವರಿಗೆ ಮೀನುಸಾರು ಬೇಕಾ ಕೇಳಿ ಎಂದು ಇವರು, ಬೇಕಾದರೆ ಅವರೇ ಕೇಳುತ್ತಾರೆ ಅಂತ ಹೇಳಿ ಎಂದು ಅವರು. ನಾನು ಎರಡೂ ಕಡೆ ದಾಟಿಸುತ್ತಿದ್ದೆ. ಒಂದು ದಿನದಲ್ಲಿ ನಾನು ಅಷ್ಟು ಮಾತಾಡಿದ್ದೇ ಇಲ್ಲ.

ಅರ್ಧ ಊಟವಾಗಿತ್ತು. ಕ್ರೇನಿನವರು ತಟ್ಟೆ ನೋಡಿಕೊಂಡೇ, ನನ್ನನ್ನು ದಾಟಿ, ನೇರವಾಗಿ ಕೇಳಿದರು: "ಗುರುವಾರ ಬ್ಯಾಟರಿ ಹೋಯಿತಲ್ಲ. ಆಮೇಲೆ ಎಂತ ಆಯಿತು?"

ಎಡಗೈಯವನು ಪರೋಟ ಕೆಳಗಿಟ್ಟ. "ನಾನು ಸಹ ನೋಡಲಿಲ್ಲ ಮಾರಾಯಾ," ಎಂದ. "ನೀನಿಲ್ಲದೆ ಹೇಗೆ ನೋಡುವುದು?"

ಆಮೇಲೆ ನನ್ನ ಅಗತ್ಯ ಇರಲಿಲ್ಲ. ವೇಷದ ಕುಣಿತ, ಅರ್ಥಗಾರಿಕೆ, ಮಗಳ ಕಾಲೇಜು ಎಲ್ಲ ನನ್ನ ತಲೆಯ ಮೇಲಿಂದ ಹೋಗಿ ಬಂದವು.

ಮಾರ್ಚ್ ಕೊನೆಯ ಶನಿವಾರ, ಸೆಕೆ ಶುರು, ನಾನು ವರದಿ ಒಪ್ಪಿಸಿದೆ. ಇಬ್ಬರೂ ಈಗ ಒಂದೇ ಸೀಟಿನಲ್ಲಿ ಕೂರುತ್ತಾರೆ, ಫೋನು ಎದುರಿನ ಸೀಟಿನ ಬೆನ್ನಿಗೆ ಒರಗಿರುತ್ತದೆ. ಕುತ್ತಿಗೆ ಸಡಿಲವಾಗುತ್ತಿದೆ ಎಂದು ಕೇಳಿದ್ದೇನೆ. ಮೇಡಂ ತಲೆದೂಗಿದರು. ಕೇಳಿದ್ದು ಸಾಲದು, ಕುತ್ತಿಗೆ ಎಷ್ಟು ತಿರುಗುತ್ತದೆ ಎಂದು ತಾವೇ ನೋಡಬೇಕು, ಕರೆಸಿ ಎಂದರು.

ನನ್ನ ಫೋನು ಎತ್ತುತ್ತಿಲ್ಲ ಎಂದೆ.

ಇಬ್ಬರೂನಾ ಎಂದರು. ಇಬ್ಬರೂ ಎಂದೆ. ಆಗ ನರ್ಸಮ್ಮ ತಾವು ವಿಡಿಯೋ ಕಾಲ್ ಮಾಡಿದ್ದಾಗಿ ಹೇಳಿದರು. ಕ್ರೇನಿನವರ ಕುತ್ತಿಗೆ ಬಲಕ್ಕೆ ಪೂರ್ತಿ ತಿರುಗಿದ್ದನ್ನು ತಾವೇ ನೋಡಿದ್ದಾರಂತೆ. ಎಡಗೈಯವನ ಕಿವಿಯೂ ಗುಣವಾಗಿದೆ. ಆದರೆ ಆ ಸಾರ್ ಇರುವಲ್ಲಿಗೆ ನಾವಿಬ್ಬರೂ ಬರುವುದಿಲ್ಲ ಎಂದು ಒಟ್ಟಿಗೆ ಹೇಳಿದರಂತೆ.

"ಏನ್ ಮಾಡೀರಿ ಅವರಿಗೆ?" ಎಂದರು ಮೇಡಂ.

ಊಟಕ್ಕೆ ಕರೆದಿದ್ದೆ ಎಂದೆ. ಮೇಡಂ ಎದುರಿನ ಖಾಲಿ ಕುರ್ಚಿ ತೋರಿಸಿದರು, ರೋಗಿ ಕೂರುವ ಕುರ್ಚಿ. ಹೋಗಿ ಕೂತೆ. ಇವರನ್ನು ಕೇಳ್ರಿ ಎಂದು ಕ್ಲಾಸಿಗೆ ಹೇಳಿದರು. ಕೇಳಿದರು. ಕೊನೆಯ ಸಲ ಕಂಡದ್ದು ಎಲ್ಲಿ? ಕೆಫೆಟೇರಿಯಾದಲ್ಲಿ. ಹೊರಡುವಾಗ ಹೇಗಿದ್ದರು? ಸಿಟ್ಟಾಗಿದ್ದರು. ಒಬ್ಬರ ಮೇಲೊಬ್ಬರಾ? ಅಲ್ಲ. ಯಾವಾಗ ಸಿಟ್ಟು ಬಂತು? ಕೌಂಟರಿನ ಹತ್ತಿರ. ಅಲ್ಲಿ ಏನು ಮಾಡುತ್ತಿದ್ದರು? ನಾನು ಕೊಡುತ್ತೇನೆ, ನಾನು ಕೊಡುತ್ತೇನೆ ಎಂದು ತಳ್ಳಾಡುತ್ತಿದ್ದರು.

ಬೆಳಗಾವಿಯವನು ನಿಧಾನವಾಗಿ ಮುಂದಕ್ಕೆ ಬಾಗಿದ. "ಸರ್, ಊಟದ ನಡುವ ನೀವು ಎದ್ದು ಹೋಗಿದ್ರೇನು?"

"ಒಮ್ಮೆ."

"ಯಾಕ್ರಿ?"

"ಕೈ ತೊಳೆಯಲು."

ಮೇಡಂ ನನ್ನ ವರದಿಯ ಮೇಲೆ ಪಾಸ್ ಎಂದು ಬರೆದು ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕಿ, ಕನ್ನಡಕ ತೆಗೆದರು.

"ಕೊನಿಗೆ ಎಷ್ಟ್ ಕೊಟ್ರಿ?"

"ಮೂವತ್ತೆಂಟು ದಿರ್ಹಮ್, ಮೇಡಂ."